ಮುಳ್ಳುಮಂಡೆ

ಮಲ್ಪೆಯ ಐಸ್ ಪ್ಲಾಂಟಿನ ರೈಟರ್ ಕೋಣೆ,
ಹದಿನಾಲ್ಕು ಇಂಚಿನ ಟಿವಿ, ಸಂಜೆ ಐದೂವರೆ.
ಹಿಂದಿಯಲ್ಲಿ ಬೊಬ್ಬೆ ಹೊಡೆಯುವ ಜಪಾನಿನ ಹುಡುಗ.
ಅವನ ಹೆಸರು ನಮ್ಮ ಬಾಯಲ್ಲಿ ತಿರುಗುತ್ತಿರಲಿಲ್ಲ.
ಕೂದಲು ನೋಡಿ ಮುಳ್ಳುಮಂಡೆ ಅಂದೆವು,
ಅದೇ ನಿಂತಿತು.

ಬೊಬ್ಬೆ ಅಂತ ಗೊತ್ತಾದದ್ದೂ ಬಾಯಿ ನೋಡಿಯೇ.
ಗೋಡೆಯಾಚೆ ಐಸ್ ಪುಡಿ ಮಾಡುವ ಮೆಷಿನು,
ಬೋಟಿಗೆ ತುಂಬುವ ಹೊತ್ತೂ ಅದೇ ಐದೂವರೆ.
ಆಕಾಶ ಸೀಳುತ್ತಿತ್ತು, ಬೆಟ್ಟ ಪುಡಿಯಾಗುತ್ತಿತ್ತು,
ಎಲ್ಲದಕ್ಕೂ ಒಂದೇ ಶಬ್ದ: ಐಸು.

ಹಾಗಾಗಿ ಮಾತು ನಾವೇ ಹಾಕಿದೆವು, ತುಳುವಿನಲ್ಲಿ.
ಮುಳ್ಳುಮಂಡೆ ಲೋಹಿತ.
ರಾಕ್ಷಸ ನಾನು. ದಪ್ಪ ಸ್ವರ ಇದ್ದದ್ದು ನನಗೆ,
ಅವನದ್ದು ಇನ್ನೂ ಒಡೆದಿರಲಿಲ್ಲ.
ಲೋಕ ಸುಡುತ್ತೇನೆ ಅಂತ ರಾಕ್ಷಸ ಕೈ ಎತ್ತಿದರೆ
ನಾನು ಬೂತಾಯಿಯ ರೇಟು ಕೇಳುತ್ತಿದ್ದೆ.
ಮುಳ್ಳುಮಂಡೆ ಚೌಕಾಸಿ ಮಾಡುತ್ತಿದ್ದ,
ಕಣ್ಣಲ್ಲಿ ಬೆಂಕಿ, ಹಣೆಯಲ್ಲಿ ರಕ್ತ.

ಜೂನಿನಲ್ಲಿ ಬೋಟುಗಳೆಲ್ಲ ದಕ್ಕೆಗೆ. ಮೆಷಿನು ಬಂದ್.
ಮೊದಲ ಸಲ ಅವನ ಸ್ವರ ಸರಿಯಾಗಿ ಕೇಳಿತು.
'ಇಷ್ಟೇಯಾ ಅವ ಹೇಳುವುದು?' ಅಂದ ಲೋಹಿತ.
ಆ ಎರಡು ತಿಂಗಳು ನಾವು ಟಿವಿಯ ಕಿವಿ ತಿರುಪಿ
ಸೊನ್ನೆಗಿಟ್ಟೇ ನೋಡಿದೆವು.

ಇಪ್ಪತ್ತೊಂದು ವರ್ಷ ಆಯಿತು.
ಮೊನ್ನೆ ಆದಿತ್ಯವಾರ ಮಗಳನ್ನು ಕೂರಿಸಿಕೊಂಡು
ಕಲ್ಮಾಡಿಯ ಬಾಡಿಗೆ ಮನೆಯಲ್ಲಿ, ಗೋಡೆಯಷ್ಟು ಪರದೆಯಲ್ಲಿ.
ಮೀನುಗಾರರ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು ನಾನು,
ಬರೆದೆ:
ಇಪ್ಪತ್ತೆರಡು ನಿಮಿಷ.
ಅದರಲ್ಲಿ ಹಾಡು ಮೂರು, ಹಿಂದಿನ ಕಂತಿನ ಕತೆ ನಾಲ್ಕು.
ಕಲ್ಲುಗಳು ನೆಲಬಿಟ್ಟು ತೇಲುವುದು, ಎರಡೂವರೆ.
ಒಂದೇ ಮುಷ್ಟಿಯ ಒಂದೇ ಚಿತ್ರ, ಹನ್ನೊಂದು ಸಲ.
ಹೊಡೆತ, ಸೊನ್ನೆ.

'ಅಮ್ಮ, ಅವ ಎಂತಕ್ಕೆ ಹೊಡೀತಾ ಇಲ್ಲ?'
ಶಕ್ತಿ ಸೇರಿಸ್ತಿದ್ದಾನೆ, ಮಗಾ.
'ರಾಕ್ಷಸ ಎಂತಕ್ಕೆ ಕಾಯ್ತಿದ್ದಾನೆ?'
ಇಪ್ಪತ್ತೊಂದು ವರ್ಷ ಕಾದವಳು ನಾನು, ಏನು ಹೇಳಲಿ.

'ಆ ಹುಡುಗಿ ಯಾರು?'
ಯಾವ ಹುಡುಗಿ?
'ಬದಿಯಲ್ಲಿ. ಎದೆಗೆ ಕೈ ಇಟ್ಟುಕೊಂಡು ನಿಂತವಳು.'

ಇದ್ದಳು. ಪ್ರತಿ ಕಂತಿನಲ್ಲೂ ಇದ್ದಳು,
ಗಾಯಕ್ಕೆ ಬಟ್ಟೆ ಕಟ್ಟಿ, ಹೆಸರು ಹಿಡಿದು ಕೂಗಿ, ಕಣ್ಣು ತುಂಬಿಕೊಂಡು.
ಬರೆದವರು ಅವಳಿಗೆ ಇಷ್ಟೇ ಕೊಟ್ಟರು ಅಂತ
ಬೈಯಲು ಬಾಯಿ ತೆರೆದೆ. ಮುಚ್ಚಿದೆ.
ರಾಕ್ಷಸನಿಗೆ ಬೂತಾಯಿಯ ರೇಟು ಕೊಟ್ಟಿದ್ದೆವು,
ಉರುಳುವ ಬಂಡೆಗೂ ಒಂದು ಬೈಗುಳ ಕೊಟ್ಟಿದ್ದೆವು,
ಅವಳಿಗೆ ನಾವೂ ಒಂದು ಮಾತು ಹಾಕಿರಲಿಲ್ಲ.

ಬಣ್ಣ ಮಾಸಿದೆ. ನಗೆಹನಿಗಳು ಹಳಸಿವೆ,
ಒಂದೆರಡಕ್ಕೆ ನಾನೇ ಮಗಳ ಕಣ್ಣು ತಪ್ಪಿಸಿದೆ.
ಆದರೆ ಒಂದು ಕಡೆ,
ಸೋತು ಬಿದ್ದ ಮೇಲೆ, ಮುಳ್ಳುಮಂಡೆ ಎದ್ದು ಕೂತು
ಕಡಿದ ಚಪ್ಪಲಿಯ ಬಾರನ್ನು ಗಂಟು ಹಾಕುತ್ತಾನೆ.
ಸಂಗೀತ ಇಲ್ಲ. ಬೆರಳು ನಡುಗುತ್ತದೆ, ಗಂಟು ಜಾರುತ್ತದೆ,
ಮತ್ತೆ ಹಾಕುತ್ತಾನೆ. ಅರ್ಧ ನಿಮಿಷ ಇರಬಹುದು.
ಆಗ ನಾವು ಕೇಬಲ್ ಕೆಟ್ಟಿತು ಅಂತ ಟಿವಿಯ ತಲೆಗೆ ಬಡಿದಿದ್ದೆವು.
ಮಗಳ ಬಾಯಲ್ಲಿ ಚಕ್ಕುಲಿ ಅಗಿಯುವ ಸದ್ದು ನಿಂತಿತು.
ಯಾರೋ ಕೂತು, ಒಂದೊಂದೇ ಹಾಳೆಯಲ್ಲಿ
ಆ ಬೆರಳನ್ನು ಬಿಡಿಸಿದ್ದಾರೆ.

ಆಮೇಲೆ ಮತ್ತೆ ಬೊಬ್ಬೆ, ಮತ್ತೆ ಅದೇ ಮುಷ್ಟಿ.
ನಾನು ಸದ್ದು ಸೊನ್ನೆಗಿಟ್ಟು ಗಂಟಲು ಸರಿ ಮಾಡಿದೆ.
ಬರಲಿಲ್ಲ. ಈಗ ಬೂತಾಯಿಯ ರೇಟು ನಿಜವಾಗಿ ಗೊತ್ತು ನನಗೆ,
ಅದು ತಮಾಷೆಯಾಗಿ ಉಳಿದಿಲ್ಲ.
ಮಗಳೇ ಶುರು ಮಾಡಿದಳು, ಬದಿಯವಳ ಸ್ವರದಲ್ಲಿ:
'ಬೇಗ ಮುಗಿಸು ಮಾರಾಯ. ಬಸ್ಸು ತಪ್ಪಿದರೆ
ನೀನು ಬಿಟ್ಟು ಬರ್ತೀಯಾ?'

ಲೋಹಿತನಿಗೆ ಮೆಸೇಜು ಹಾಕಿದೆ: ಮುಳ್ಳುಮಂಡೆ ಸಿಕ್ಕಿದ.
ಅದೇ ಪ್ಲಾಂಟಿನಲ್ಲಿ ಈಗ ಅವನ ಅಪ್ಪನ ಕೆಲಸ ಅವನಿಗೆ,
ಎಡಗಿವಿ ಮಂದ.
ರಾತ್ರಿ ಅವನ ಸ್ವರ ಬಂತು, ನಲವತ್ತು ಸೆಕೆಂಡು,
ಹೆಚ್ಚಿನದ್ದು ಐಸು.
ಮೂರು ಸಲ ಕಿವಿಗೊತ್ತಿ ಹಿಡಿದರೆ ಸಿಕ್ಕಿದ್ದು ಇಷ್ಟು:
'...ಹೊಡೆದನಾ?'

ಇನ್ನೂ ಇಲ್ಲ, ಅಂತ ಬರೆದೆ.